ನಂಬರು ಬೀಳದ ಫರಸಿ

ಗುರುಬಸವ್ವ ಯಾರನ್ನೂ ಸಲೀಸಾಗಿ ನಂಬುವವಳಲ್ಲ. ಇದು ಓಣಿಯವರ ಚಾಡಿಯಲ್ಲ, ಅವಳೇ ಎದೆ ತಟ್ಟಿ ಹೇಳಿಕೊಳ್ಳುವ ಮಾತು. ಹಾಲಿನವಳು ಬಂದರೆ ಹಾಲಿಗೆ ಬೆರಳು ಅದ್ದಿ ನೋಡುತ್ತಾಳೆ. ಗಿರಣಿಗೆ ಜೋಳ ಕಳಿಸಿದರೆ ಹಿಂದೆಯೇ ತಾನೂ ಹೋಗಿ, ಹಿಟ್ಟು ಬಿದ್ದು ಮುಗಿಯುವ ತನಕ ಕಣ್ಣು ಮಿಟುಕಿಸದೆ ನಿಲ್ಲುತ್ತಾಳೆ. ಕಂಡಕ್ಟರ್ ಕೊಟ್ಟ ಟಿಕೀಟನ್ನು ಎರಡೂ ಕಡೆ ಓದಿಯೇ ಸೀಟಿನ ಮೇಲೆ ಕೂಡುತ್ತಾಳೆ. ಇಂಥವಳ ಮನೆಯ ಅಂಗಳವನ್ನೇ ಅಗೆಯಲು ಹೊರಗಿನ ನಾಲ್ಕು ಜನ ಹಾರಿ, ಸಲಿಕೆ ಹಿಡಿದು ಬರುತ್ತಾರೆಂದರೆ ಅವಳ ಗತಿ ಏನಾಗಬೇಡ, ನೀವೇ ಹೇಳಿ.

ಅಗೆಯುವ ಮಾತು ಎದ್ದದ್ದು ಕಾರಿನಿಂದ. ೨೦೦೨ರ ಬೇಸಿಗೆಯಲ್ಲಿ ಅವಳ ಗಂಡ ಸೋಮಪ್ಪ, ಬೈಲಹೊಂಗಲದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಐವತ್ತಾರನೆಯ ವಯಸ್ಸಿಗೆ ಆಸೆಪಟ್ಟು ಬೆಳಗಾವಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದ. ತಂದದ್ದೇನೋ ಸರಿ, ಕಾರು ಮನೆಯೊಳಗೆ ಬರಲೊಲ್ಲದು. ಗೇಟಿನಿಂದ ಕಟ್ಟೆಯ ತನಕ ಹಾಸಿದ್ದ ಕಲ್ಲಿನ ಫರಸಿಗಳು ಒಂದು ಎದ್ದು ಒಂದು ಕುಸಿದು, ಸಂದಿಯಲ್ಲೆಲ್ಲ ಕರಿಕೆ ಬೆಳೆದು, ಮಳೆ ಬಂದರೆ ನಾಲ್ಕು ಕಡೆ ನೀರು ನಿಲ್ಲುತ್ತಿತ್ತು. ಮಾವನ ಕಾಲದಲ್ಲಿ ಊರ ಹೊರಗಿನ ಬಡಾವಣೆ ಎನಿಸಿಕೊಂಡಿದ್ದ ಆ ಸಾಲಿನ ಮನೆಗಳೆಲ್ಲ ಹಾಗೇ ಆಗಿದ್ದವು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹಳೆಯ ಕಲ್ಲು ಕಿತ್ತು ಕಾಂಕ್ರೀಟ್ ಹಾಕಿಸಿಕೊಂಡಿದ್ದರು. ಸೋಮಪ್ಪನೂ ಕಾರಿನ ತಳ ಎರಡು ಸಲ ಬಡಿಸಿಕೊಂಡ ಮೇಲೆ ತಾಯಿಯ ಮುಂದೆ ಮಾತು ತೆಗೆದ.

"ಯವ್ವಾ, ಅಂಗಳಕ್ಕ ಕಾಂಕ್ರೀಟ್ ಹಾಕಿಸಿಬಿಡೂಣು."

ಎಪ್ಪತ್ತೈದರ ಮುದಕವ್ವ ತಾಟಿನ ಮೇಲಿನ ಕೈ ಹಾಗೇ ನಿಲ್ಲಿಸಿದಳು. "ಕಲ್ಲು ನಿಮ್ಮನ್ನೇನ ಕಚ್ಚತಾವೇನ? ಇರಲಿ ಬಿಡ."

"ಕಾರಿನ ತಳಾ ಬಡೀತೈತಿ."

"ಹೊರಗ ನಿಲ್ಲಸ."

ಅಷ್ಟೇ. ಎರಡು ದಿನ ಮುದುಕಿ ಸರಿಯಾಗಿ ಉಣ್ಣಲಿಲ್ಲ, ಯಾರೊಡನೆಯೂ ಬಾಯಿ ಬಿಡಲಿಲ್ಲ. ಮೂರನೆಯ ದಿನ ತಾನಾಗಿಯೇ ಮಗನನ್ನು ಕರೆದು, "ಮಾಡಸ್ರಿ. ಆದ್ರ ಗೌಂಡಿ ದೊಡವಾಡದ ಮಡಿವಾಳೆಪ್ಪನ ಆಗಬೇಕು. ಬ್ಯಾರೇದಾವ ಹಾರಿ ಮುಟ್ಟಿದ್ರ ನಾ ಈ ಮನ್ಯಾಗ ನೀರ ಕುಡಿಯಾಂಗಿಲ್ಲ," ಅಂದಳು.

ಸೋಮಪ್ಪ ಖುಷಿಯಾದ. ಗುರುಬಸವ್ವನ ಕಿವಿ ಮಾತ್ರ ನಿಮಿರಿತು. ಮಡಿವಾಳೆಪ್ಪನೆಂದರೆ ಈ ಫರಸಿಯನ್ನು ಮೊದಲು ಹಾಸಿದ ಗೌಂಡಿ. ಈಗ ಅರವತ್ತು ದಾಟಿದ್ದಾನೆ, ಮೊಣಕಾಲು ಹಿಡಿದಿವೆ, ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಊರ ತುಂಬ ಗಟ್ಟಿಮುಟ್ಟಾದ ಗೌಂಡಿಗಳಿರುವಾಗ ಆ ಕುಂಟುವ ಮುದುಕನೇ ಯಾಕೆ ಬೇಕು? ಏನೋ ಮಸಲತ್ತು ಇದೆ ಎಂದು ಅವಳಿಗೆ ಆಗಲೇ ಅನ್ನಿಸಿತು. ಮತ್ತು ಆ ಮಸಲತ್ತು ಯಾವ ಕಲ್ಲಿನ ಕೆಳಗಿದೆ ಎಂಬುದೂ ಅವಳಿಗೆ ಗೊತ್ತಿತ್ತು.

ಗೇಟಿನ ಬಲಕ್ಕೆ, ಎರಡನೆಯ ಸಾಲಿನ ಮೂರನೆಯ ಕಲ್ಲು. ನೋಡಲಿಕ್ಕೆ ಉಳಿದವುಗಳ ಹಾಗೆಯೇ. ಆದರೆ ಮುದಕವ್ವ ದಿನಾ ಬೆಳಿಗ್ಗೆ ಎದ್ದು, ಹೊಸ್ತಿಲು ತೊಳೆಯುವುದಕ್ಕಿಂತ ಮೊದಲು, ಒಂದು ತಂಬಿಗೆ ನೀರು ಒಯ್ದು ಆ ಒಂದು ಕಲ್ಲನ್ನು ತೊಳೆಯುತ್ತಿದ್ದಳು. ಅದರ ಮೇಲೆ ಮೆಣಸಿನಕಾಯಿ ಒಣಹಾಕಿದರೆ ಹಾವು ಕಂಡವಳಂತೆ ಕೂಗುತ್ತಿದ್ದಳು. ಮೊಮ್ಮಗ ಬಸವಲಿಂಗ ಒಮ್ಮೆ ಸ್ಕೂಟರು ನಿಲ್ಲಿಸಿದ್ದಕ್ಕೆ ಅವನ ಜೊತೆ ಒಂದು ವಾರ ಮಾತು ಬಿಟ್ಟಿದ್ದಳು. ಕೇಳಿದರೆ ಒಂದೇ ಉತ್ತರ: "ಅಲ್ಲಿ ಬ್ಯಾಡ ಅಂದ್ರ ಬ್ಯಾಡ."

ಗುರುಬಸವ್ವ ದಡ್ಡಳಲ್ಲ. ಅವಳು ಈ ಕಲ್ಲಿನ ಲೆಕ್ಕವನ್ನು ವರ್ಷಗಟ್ಟಲೆ ಕೂತು ಬಿಡಿಸಿದ್ದಳು. ಅವಳ ಮದುವೆಯಲ್ಲಿ ಅತ್ತೆಯ ಕೊರಳಲ್ಲಿ ಒಂದು ಬೋರಮಾಳ ಸರ ಇತ್ತು. ಬೋರೆಹಣ್ಣಿನ ಗಾತ್ರದ ಚಿನ್ನದ ಗುಂಡುಗಳು, ನೋಡಿದವರ ಕಣ್ಣು ಅಲ್ಲೇ ನಿಲ್ಲಬೇಕು. ಎಪ್ಪತ್ತೊಂದರಲ್ಲಿ ಗುರುಬಸವ್ವನ ಮೊದಲ ಹೆರಿಗೆಯಾಯಿತು. ತವರು ಚಚಡಿಯಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಇಲ್ಲೇ, ಗಂಡನ ಮನೆಯಲ್ಲೇ. ಹೆಣ್ಣುಕೂಸು, ಉಳಿಯಲಿಲ್ಲ. ಅವಳಿಗೂ ಸನ್ನಿ ಹಿಡಿದು ಹದಿನೈದು ದಿನ ಮೈಮೇಲೆ ಖಬರಿರಲಿಲ್ಲ. ಕೂಸಿನ ಮುಖ ಕೂಡ ನೋಡಲಿಲ್ಲ. ದೊಡವಾಡದ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದೆವು ಎಂದು ಮಾವ ಹೇಳಿದ್ದರು, ಮುಂದೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತಿದರೂ ಅತ್ತೆ ಎದ್ದು ಹೋಗುತ್ತಿದ್ದಳು. ಬಾಣಂತಿ ಕೋಣೆಯಿಂದ ಅವಳು ಹೊರಗೆ ಬಂದಾಗ ಎರಡು ಸಂಗತಿ ಬದಲಾಗಿದ್ದವು. ಮಣ್ಣಿನ ಅಂಗಳಕ್ಕೆ ಹೊಸದಾಗಿ ಫರಸಿ ಬಿದ್ದಿತ್ತು. ಅತ್ತೆಯ ಕೊರಳಲ್ಲಿ ಬೋರಮಾಳ ಇರಲಿಲ್ಲ.

ಇನ್ನೇನು ಬೇಕು ಹೇಳಿ! ಸರ ಮಾಯ, ಅದೇ ತಿಂಗಳು ಫರಸಿ, ಒಂದು ಕಲ್ಲಿನ ಮೇಲೆ ಮಾತ್ರ ಇಷ್ಟೊಂದು ಅಕ್ಕರೆ. ಎರಡು ವರ್ಷದ ಹಿಂದೆ ಮಗಳು ಶಿವಾನಿಯನ್ನು ಕಿತ್ತೂರಿಗೆ ಕೊಟ್ಟಾಗ ಗುರುಬಸವ್ವ ನಾಚಿಕೆ ಬಿಟ್ಟು ಕೇಳಿಯೇ ಕೇಳಿದ್ದಳು, "ಅತ್ತಿ, ಆ ಬೋರಮಾಳ ಎಲ್ಲೈತ್ರಿ? ಮೊಮ್ಮಗಳ ಕೊರಳಿಗಿ ಹಾಕ್ರಿ." ಮುದಕವ್ವ ಮುಖ ತಿರುಗಿಸಿ, "ಅದು ಇಲ್ಲ," ಅಂದಿದ್ದಳು. ಕೊನೆಗೆ ಗುರುಬಸವ್ವ ತನ್ನ ಕೈಯ ಬಂಗಾರದ ಬಿಲ್ವಾರ ಬಳೆ ಮುರಿಸಿ ಮಗಳಿಗೆ ಸರ ಮಾಡಿಸಿದಳು. ಆವತ್ತಿನಿಂದ ಆ ಬರಿಗೈ ನೋಡಿಕೊಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಬಂಗಾರ ನನಗೆ ಬೇಡ, ಆದರೆ ಶಿವಾನಿಯ ಪಾಲು ಶಿವಾನಿಗೆ ಸೇರಬೇಕು. ರಾಮದುರ್ಗದಲ್ಲಿರುವ ನಾದಿನಿ ಗಂಗಾಳ ಟ್ರಂಕು ಸೇರಬಾರದು. ಅವಳ ಹಟ ಇಷ್ಟೇ.

ಮಡಿವಾಳೆಪ್ಪ ಬರುವ ಹಿಂದಿನ ದಿನ ಗುರುಬಸವ್ವ ಒಂದು ಬಟ್ಟಲಲ್ಲಿ ಹುರಮಂಜು ಕಲಸಿಕೊಂಡು ಕೂತಳು. ಹೊಸ್ತಿಲಿಗೆ ಬಳಿಯುವ ಆ ಕೆಂಪು ಬಣ್ಣದಿಂದ ಒಂದೊಂದು ಫರಸಿಯ ಮೇಲೂ ನಂಬರು ಬರೆಯತೊಡಗಿದಳು.

"ಇದೇನ?" ಅಂದ ಸೋಮಪ್ಪ, ನಗು ತಡೆಯಲಾರದೆ.

"ಹಳೇ ಕಲ್ಲಿಗೆ ಈಗ ಗಿರಾಕಿ ಅದಾವು. ಸಂಜೀಕೊಂದ, ಮುಂಜಾನಿಗೊಂದ ಹೊತಗೊಂಡ ಹೋದ್ರ ಯಾರ ಕೇಳತಾರ?"

ಸಾಲಿ ಮಾಸ್ತರರು ಹಾಜರಿ ಹಾಕುವಂತೆ ಅವಳು ಒಂದು, ಎರಡು, ಮೂರು ಎಂದು ಬರೆಯುತ್ತ ಗೇಟಿನ ಕಡೆ ಸರಿದಳು. ಬಲಗಡೆಯ ಆ ಕಲ್ಲು ಬರುವ ಹೊತ್ತಿಗೆ ಮುದಕವ್ವ ಎಲ್ಲಿದ್ದಳೋ ಏನೋ, ಬಂದು ಅದರ ಮೇಲೆ ಕೂತೇಬಿಟ್ಟಳು.

"ಏಳ್ರಿ ಅತ್ತಿ, ನಂಬರ ಬರೀತೇನಿ."

"ಇದಕ್ಕ ನಂಬರ ಬ್ಯಾಡ."

"ಯಾಕ್ರಿ, ಇದೇನ ನಿಮ್ಮ ತವರ ಮನಿಯಿಂದ ಬಂದೈತೇನ?"

ಮುದುಕಿ ಏಳಲಿಲ್ಲ. ಹೀಗೆ ತೊಂಬತ್ತಾರು ಫರಸಿಗಳಲ್ಲಿ ತೊಂಬತ್ತೈದಕ್ಕೆ ನಂಬರು ಬಿತ್ತು.

ಮರುದಿನ ಮಡಿವಾಳೆಪ್ಪ ಮೂರು ಆಳು ಕಟ್ಟಿಕೊಂಡು ಬಂದ. ಅವನ ಕೈಯಲ್ಲಿ ಇನ್ನೂ ಕೆಲಸ ಉಳಿದಿತ್ತು, ಸುಳ್ಳು ಹೇಳಬಾರದು. ಹಾರಿಯ ತುದಿಯನ್ನು ಸಂದಿಗೆ ಕೊಟ್ಟು ಒಂದು ಸಲ ಮೀಟಿದನೆಂದರೆ ಕಲ್ಲು ಮುರಿಯದೆ ಮೇಲೇಳುತ್ತಿತ್ತು. ಗುರುಬಸವ್ವ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು, ಅಕ್ಕಿ ಆರಿಸುವ ನೆವದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಎರಡು ದಿನದಲ್ಲಿ ಅಂಗಳವೆಲ್ಲ ಕಿತ್ತು, ಕಲ್ಲುಗಳು ನಂಬರಿನ ಸಮೇತ ಗೋಡೆಗೆ ಒರಗಿದವು. ಕಾಂಕ್ರೀಟಿನ ಖಡಿ, ಉಸುಕು ಬಂದು ಗೇಟಿನ ಹೊರಗೆ ಬಿತ್ತು. ಆ ಒಂದು ಫರಸಿ ಮಾತ್ರ ಅಗೆದ ಮಣ್ಣಿನ ನಡುವೆ ಇದ್ದಲ್ಲೇ ಇತ್ತು.

"ಏನಪಾ ಮಡಿವಾಳೆಪ್ಪ, ಎಲ್ಲಾ ಎತ್ತೀದಿ. ಅದೊಂದ ಯಾಕ ಬಿಟ್ಟಿ?"

ಮಡಿವಾಳೆಪ್ಪ ತಲೆಯ ಮೇಲಿನ ಟಾವೆಲ್ಲು ತೆಗೆದು ಕೊಡವಿದ. "ಅದು ಗಟ್ಟ್ಯಾಗಿ ಕುಂತೈತ್ರಿ ಅಕ್ಕಾರ. ಕಡೀಕ ನೋಡೂಣಂತ."

"ಅದರ ಆಜುಬಾಜೂದು ಬೆಣ್ಣಿ ಎದ್ದಾಂಗ ಎದ್ದಾವು. ಅದೊಂದ ಏನ ಬೇರ ಬಿಟ್ಟೈತೇನ?"

ಅವನು ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ಮುದಕವ್ವನ ಕಡೆ ನೋಡಿದ. ಮುದಕವ್ವ ಕಣ್ಣಲ್ಲೇ ಏನೋ ಹೇಳಿದಳು. ಓಹೋ, ಇವನಿಗೂ ಪಾಲಿದೆ ಎಂದು ಗುರುಬಸವ್ವ ಖಾತ್ರಿ ಮಾಡಿಕೊಂಡಳು.

ಅವತ್ತೇ ಮಧ್ಯಾಹ್ನ ಅವಳು ಹಿತ್ತಲಿನಿಂದ ಒಳಗೆ ಬರುವಾಗ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಫೋನಿನ ಮುಂದೆ ಕೂತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ಗುರುಬಸವ್ವ ಬಾಗಿಲ ಮರೆಗೆ ನಿಂತಳು.

"ನೀ ಬಂದಬಿಡ ಗಂಗಾ. ಕಲ್ಲ ಎತ್ತೂ ಹೊತ್ತ ಬಂದೈತಿ... ಹೂಂ, ಅದನ್ನ ತಗದ ಬ್ಯಾರೆ ಕಡೆ ಇಡಬೇಕು... ನಾ ಒಬ್ಬಾಕಿ ಹ್ಯಾಂಗ ತಗೀಲೇ? ಆಕೀಗೆ ಗೊತ್ತಾಗಬಾರದು ನೋಡ. ಗೊತ್ತಾದ್ರ ಮುಗದ ಹೋತು."

ಸಂಶಯ ಪಡುವುದು ಬೇರೆ, ಸಂಶಯ ಪಟ್ಟದ್ದು ನಿಜವೆಂದು ಕಿವಿಯಾರೆ ಕೇಳುವುದು ಬೇರೆ. ಮೂವತ್ತೆರಡು ವರ್ಷ ಈ ಮನೆಯ ಒಲೆ ಊದಿದವಳು ನಾನು, ಮುದುಕಿಯ ಕಾಲು ಒತ್ತಿದವಳು ನಾನು, ಈಗ ಗೊತ್ತಾಗಬಾರದವಳೂ ನಾನೇ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಆದರೂ ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವನು ನಗುತ್ತಾನೆ, ಇಲ್ಲವೇ ಹೋಗಿ ತಾಯಿಯನ್ನೇ ಕೇಳುತ್ತಾನೆ. ಎರಡರಿಂದಲೂ ಉಪಯೋಗವಿಲ್ಲ. ಮಾಲಿನ ಸಮೇತ ಕೈಗೆ ಸಿಗಬೇಕು.

ಮರುದಿನ ಬೆಳಗಿನ ಬಸ್ಸಿಗೆ ಗಂಗಾ ಬಂದಿಳಿದಳು. ನಲವತ್ತೈದರ ಹೆಂಗಸು, ಯಾವಾಗ ಬಂದರೂ ಓಣಿಗೆಲ್ಲ ಕೇಳುವಂತೆ ನಗುವವಳು, ಈ ಸಲ ಒಮ್ಮೆಯೂ ನಗಲಿಲ್ಲ. ಕೈಯಲ್ಲಿ ಒಂದು ಖಾಲಿ ಚೀಲ. ಅದರ ಗಾತ್ರವನ್ನು ಗುರುಬಸವ್ವ ಕಣ್ಣಲ್ಲೇ ಅಳೆದಳು.

ಚಹಾ ಕುಡಿದು ಮುಗಿದಿರಲಿಲ್ಲ, ಮುದಕವ್ವ ಶುರುಮಾಡಿದಳು. "ಗುರುಬಸವ್ವಾ, ಇವತ್ತ ಉಗರಗೋಳದಾಗ ನಿಮ್ಮ ಚಿಗವ್ವ ಬಾಯವ್ವನ ಮೊಮ್ಮಗಗ ಹೆಸರಿಡೂದು ಐತಲ್ಲ? ನೀ ಹೋಗಿ ಬಾ. ಹಂಗ ಗುಡ್ಡಕ್ಕ ಹೋಗಿ ಯಲ್ಲವ್ವಗ ಕಾಯಿ ಒಡಿಸಿಕೊಂಡ ಸಾವಕಾಶ ಬಾ. ಮನಿ ನಾವ ನೋಡಕೋತೇವಿ."

ಸಾವಕಾಶ ಬರಬೇಕಂತೆ! ಕೂಸಿಗೆ ಉಡುಗೊರೆಯಾಗಿ, ತಲೆ-ಬೆನ್ನು ಮುಚ್ಚುವ ಹಸಿರು ಕುಂಚಿಗೆಯೊಂದನ್ನು ಕೂಡ ಪೇಟೆಯಿಂದ ತರಿಸಿ ಇಟ್ಟಿದ್ದಳು ಮುದುಕಿ. ಸೊಸೆಯ ತವರಿನ ಕಡೆಯವರಿಗೆ ಇಷ್ಟು ಧಾರಾಳವಾಗಿ ಅವಳು ಎಂದೂ ಕೊಟ್ಟವಳಲ್ಲ. ಗುರುಬಸವ್ವ ಮರುಮಾತಿಲ್ಲದೆ ರೇಷ್ಮೆ ಸೀರೆ ಉಟ್ಟು, ಕುಂಚಿಗೆಯನ್ನು ಚೀಲಕ್ಕೆ ಹಾಕಿಕೊಂಡು, "ಹೋಗಿ ಬರತೇನ್ರಿ ಅತ್ತಿ," ಎಂದು ಹೊರಟಳು. ಗೇಟು ದಾಟುವಾಗ ಆ ಕಲ್ಲನ್ನೊಮ್ಮೆ ನೋಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಸವದತ್ತಿ ಬಸ್ಸು ಹತ್ತಿದಳು. ಟಿಕೀಟು ತಗೊಂಡಳು, ಎರಡೂ ಕಡೆ ಓದಿದಳು. ಯಾರಾದರೂ ಹಿಂದೆ ಬಂದು ನೋಡುತ್ತಿದ್ದರೆ ನೋಡಿಕೊಳ್ಳಲಿ ಎಂದು ಕಿಡಕಿಯ ಬದಿಗೇ ಕೂತಳು. ಬಸ್ಸು ಊರು ದಾಟಿತೋ ಇಲ್ಲವೋ, ಎದ್ದು ನಿಂತು ಕೂಗಿದಳು.

"ಏ, ನಿಲ್ಲಸ್ರಿ ನಿಲ್ಲಸ್ರಿ! ಒಲಿ ಮ್ಯಾಲ ಹಾಲ ಇಟ್ಟ ಮರತ ಬಂದೇನಿ!"

ಕಂಡಕ್ಟರ್ ಗೊಣಗುತ್ತ ಸೀಟಿ ಊದಿದ. ಮೇ ತಿಂಗಳ ಬಿಸಿಲಲ್ಲಿ ರೇಷ್ಮೆ ಸೀರೆ ಎತ್ತಿ ಹಿಡಿದು ಅವಳು ದಾಪುಗಾಲು ಹಾಕಿ ಬಂದಳು. ಓಣಿಯ ತಿರುವಿನಲ್ಲಿ ಮಡಿವಾಳೆಪ್ಪನ ಆಳುಗಳು ಚಹಾದ ಅಂಗಡಿಯ ಮುಂದೆ ಕೂತಿದ್ದರು. ಆಳುಗಳನ್ನೂ ಹೊರಗೆ ಹಾಕಿದ್ದಾರೆ, ಎಷ್ಟು ಹುಷಾರು ನೋಡಿ!

ಗೇಟು ಅರ್ಧ ಮುಚ್ಚಿತ್ತು. ಆ ಫರಸಿ ಎದ್ದಿತ್ತು. ಅದರ ಜಾಗದಲ್ಲಿ ಮೊಣಕಾಲುದ್ದ ತಗ್ಗು, ತಗ್ಗಿನ ಆಚೆ ಮಡಿವಾಳೆಪ್ಪ, ಈಚೆ ಮಣ್ಣಲ್ಲೇ ಕೂತ ಮುದಕವ್ವ, ಮಗ್ಗುಲಲ್ಲಿ ಗಂಗಾ. ಪಕ್ಕದಲ್ಲೊಂದು ತಾಟು, ತಾಟಿನಲ್ಲಿ ವಿಭೂತಿ, ಬಿಲ್ವಪತ್ರಿ. ಅಯ್ಯ ಶಿವನೇ, ಗಂಟು ತೆಗೆಯುವುದಕ್ಕೆ ಪೂಜೆ ಬೇರೆ! ಗಂಗಾಳ ತೊಡೆಯ ಮೇಲೆ, ಮಣ್ಣು ಮೆತ್ತಿದ, ಅಗಲ ಬಾಯಿಯ ಒಂದು ಗಡಿಗೆ ಇತ್ತು.

"ಇಡ ಕೆಳಗ!" ಎಂದು ಒದರಿದಳು ಗುರುಬಸವ್ವ.

ಮೂವರೂ ಬೆಚ್ಚಿಬಿದ್ದರು. "ವೈನೀ... ನೀವು ಉಗರಗೋಳಕ್ಕ..." ಅಂದಳು ಗಂಗಾ.

"ಹೋಗಿದ್ರ ಛಲೋ ಆಗತಿತ್ತಲ್ಲ ನಿಮಗ! ತಾಯಿ ಮಗಳು ಕೂಡಿ ಹಂಚಿಕೊಂಡ ಬಿಡತಿದ್ರಿ! ಚನ್ನವ್ವಕ್ಕಾ, ಏ ಚನ್ನವ್ವಕ್ಕಾ! ಬರ್ರಿ ಇಲ್ಲೆ, ಸಾಕ್ಷಿ ಆಗ್ರಿ!"

ಪಕ್ಕದ ಮನೆಯ ಚನ್ನವ್ವ ಕರೆಯುವುದನ್ನೇ ಕಾಯುತ್ತಿದ್ದವಳಂತೆ ಕಂಪೌಂಡಿನ ಮೇಲೆ ತಲೆ ತೂರಿಸಿದಳು. ಗುರುಬಸವ್ವ ಹೋಗಿ ಗಡಿಗೆಗೆ ಕೈ ಹಾಕಿ ಕಿತ್ತುಕೊಂಡಳು. ಗಂಗಾ ಬಿಡಲಿಲ್ಲ, ಜಗ್ಗಾಡಿದಳು. ಕಂಠದ ಒಂದು ಚೂರು ಮುರಿದು ಬಿತ್ತು.

"ವೈನಿ, ಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ!"

"ಅಕ್ಕಾರ, ಅದರಾಗ ಅಂಥಾದ್ದೇನೂ ಇಲ್ರಿ," ಅಂದ ಮಡಿವಾಳೆಪ್ಪ.

"ನೀ ಸುಮ್ಮಕಿರೋ ಕಳ್ಳಾ! ನಿನ್ನ ಪಾಲ ಎಷ್ಟ?"

ಅವಳು ಗಡಿಗೆಯೊಳಗೆ ಕೈ ಇಳಿಬಿಟ್ಟಳು.

"ಕೈ ಹಾಕಬ್ಯಾಡ!" ಮುದಕವ್ವ ಕೂಗಿದ ಕೂಗು ಎಂಥದೆಂದರೆ ಕಂಪೌಂಡಿನ ಆಚೆ ಚನ್ನವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ಗುರುಬಸವ್ವಾ, ನಿನ್ನ ಕೈ ಮುಗೀತೇನಿ, ಹಂಗ ಕೈ ಹಾಕಿ ಕಲಸಬ್ಯಾಡ!"

"ಯಾಕ್ರಿ? ನಿಮ್ಮ ಗಂಟು ಸಿಗತೈತಂತನ?"

ಒಳಗೆ ಬರೀ ಮಣ್ಣು. ನುಣ್ಣಗಿನ ಬೂದು ಮಣ್ಣು, ಅಲ್ಲಲ್ಲಿ ಗಟ್ಟಿಯಾದ ವಿಭೂತಿಯ ಹೆಂಟೆ. ಅವಳು ಬೆರಳಿನಿಂದ ಕೆದರಿದಳು, ಮೇಲಿನದನ್ನು ಕೆಳಗೆ ಮಾಡಿ ತಡಕಾಡಿದಳು. ತಳದಲ್ಲಿ ಲೋಹದ ಚೂರೊಂದು ಉಗುರಿಗೆ ತಾಗಿತು.

"ಸಿಕ್ತು! ನೋಡ್ರಿ ಚನ್ನವ್ವಕ್ಕಾ, ಸಿಕ್ತು!"

ಮುಷ್ಟಿ ಎತ್ತಿ ಹಿಡಿದಳು. ಆಮೇಲೆ ಬಿಡಿಸಿ ನೋಡಿದಳು. ಬೋರಮಾಳದ ಗುಂಡಲ್ಲ. ಅಡಿಕೆಯಷ್ಟು ಗಾತ್ರದ, ಕಪ್ಪಾದ ಒಂದು ಬೆಳ್ಳಿಯ ಗುಂಡಗಡಿಗೆ. ಕೊರಳಿಗೆ ಕಟ್ಟುವ ಲಿಂಗವನ್ನು ಇಡುವಂಥದು. ದೊಡ್ಡವರದು ಇಷ್ಟು ಸಣ್ಣದಿರುವುದಿಲ್ಲ. ಅವಳು ಸೆರಗಿನಿಂದ ಅದರ ಮುಚ್ಚಳ ಒರೆಸಿದಳು. ಮುಚ್ಚಳದ ಮೇಲೆ ಒಂದು ನವಿಲು. ನವಿಲಿನ ಕೊರಳ ಹತ್ತಿರ ಅಕ್ಕಸಾಲಿಗನ ಕೈ ಜಾರಿ ಬಿದ್ದ ಒಂದು ಗೀರು.

ಆ ಗೀರು ಅವಳಿಗೆ ಗೊತ್ತಿತ್ತು. ಚಚಡಿಯಿಂದ ಅವಳ ಅಣ್ಣ ಸವದತ್ತಿಯಲ್ಲಿ ಮಾಡಿಸಿ ತಂದಿದ್ದ. ಎಂಟನೆಯ ತಿಂಗಳಲ್ಲಿ ಅಯ್ಯನವರು ಬಂದು, ಹೊಟ್ಟೆಯೊಳಗಿನ ಕೂಸಿಗೆಂದು ಅದರಲ್ಲಿ ಲಿಂಗ ಇಟ್ಟು ಅವಳ ಕೊರಳಿಗೇ ಕಟ್ಟಿದ್ದರು. ಒಂದು ತಿಂಗಳು ಅವಳು ಅದನ್ನು ತನ್ನ ಲಿಂಗದ ಮಗ್ಗುಲಲ್ಲೇ ಇಟ್ಟುಕೊಂಡು ತಿರುಗಿದ್ದಳು. ಕೂಸು ಹುಟ್ಟಿದ ದಿನ ಅದನ್ನು ಬಿಚ್ಚಿ ಕೂಸಿಗೆ ಕಟ್ಟುತ್ತಾರೆ.

ಗುರುಬಸವ್ವ ಗಡಿಗೆಯ ಕಡೆ ನೋಡಿದಳು. ತನ್ನ ಕೈಯ ಕಡೆ ನೋಡಿದಳು. ಬೆರಳ ಸಂದಿಯಲ್ಲಿ, ಉಗುರಿನ ಒಳಗೆಲ್ಲ ಆ ಬೂದು ಮಣ್ಣು ಮೆತ್ತಿಕೊಂಡಿತ್ತು. ರೇಷ್ಮೆ ಸೀರೆಯಲ್ಲೇ ಅಗೆದ ಮಣ್ಣಿನ ಮೇಲೆ ಕುಸಿದು ಕೂತಳು, ಆದರೆ ಗಡಿಗೆಯನ್ನು ವಾಲಗೊಡಲಿಲ್ಲ.

"ದೊಡವಾಡದ ಹೊಲದಾಗ ಅಂದಿದ್ರಿ," ಅಂದಳು.

ಮುದಕವ್ವ ಮಣ್ಣಲ್ಲಿ ಸರಿಯುತ್ತ ಅವಳ ಹತ್ತಿರ ಬಂದಳು. "ನಮ್ಮ ಮನಿತಾನದಾಗ ಹಸಗೂಸು ಹೋದ್ರ ಹೊಲಕ್ಕ ಒಯ್ಯೂದಿಲ್ಲ ಯವ್ವಾ. ಗಡಿಗ್ಯಾಗ ಹಾಕಿ ಅಂಗಳದಾಗ ಹುಗೀತೇವಿ. ತಿರುಗಿ ಅದ ಹೊಟ್ಟಿಗೆ ಬರತೈತಿ ಅಂತ. ಹಡದಾಕಿಗೆ ಜಾಗಾ ತೋರಸಬಾರದು. ತೋರಿಸಿದ್ರ ಆಕಿ ಅಲ್ಲೇ ಕುಂತ ಅಳತಾಳ, ಆಕಿ ಕಣ್ಣೀರ ಬಿದ್ರ ಕೂಸಿಗೆ ದಾರಿ ಸಿಗಾಂಗಿಲ್ಲ ಅಂತ. ನಿಮ್ಮ ಮಾವ ಎಲ್ಲಿ ನಿನಗ ಗುರ್ತ ಸಿಗತೈತೋ ಅಂತ ಅಂಗಳಕ್ಕೆಲ್ಲ ಫರಸಿ ಹಾಸಿಸಿಬಿಟ್ರು. ಇವನ ಕಡಿಂದನ," ಎಂದು ಮಡಿವಾಳೆಪ್ಪನ ಕಡೆ ಕೈ ಮಾಡಿದಳು.

"ಬಸವಲಿಂಗ ಹುಟ್ಟಿದ. ಶಿವಾನಿ ಹುಟ್ಟಿದಳು. ಆಮ್ಯಾಲರೆ ಹೇಳಬೇಕಿತ್ತಲ್ರಿ!"

"ಹೇಳಬೇಕಂದ್ನಿ. ಒಂದ ವರ್ಷ ಬಿಟ್ಟ ಹೇಳಬೇಕಂದ್ನಿ, ಎರಡ ವರ್ಷ ಬಿಟ್ಟ ಹೇಳಬೇಕಂದ್ನಿ. ಬಾಯಿ ಬರಲಿಲ್ಲ."

"ಮೂವತ್ತೊಂದ ವರ್ಷ ಅತ್ತಿ! ನನ್ನ ಕೂಸಿನ ಮ್ಯಾಲೆ ನಾ ಮೆಣಸಿನಕಾಯಿ ಹರವಾಕ ಹೋಗೇನಿ! ತುಳದೇನಿ!"

"ಬಿಟ್ಟಿಲ್ಲಲ್ಲ ನಾ," ಅಂದಳು ಮುದಕವ್ವ. "ಒಂದ ದಿನರೆ ಬಿಟ್ಟೇನೇನ, ಹೇಳ? ಈಗ ಕಾರಿನ ಗಾಲಿ ಹಾಯತಾವು ಅಂತಂದ ಮ್ಯಾಲೆ ನನ್ನ ಜೀವಾ ತಡೀಲಿಲ್ಲ. ಅದಕ್ಕ ದೊಡವಾಡಕ್ಕ ಒಯ್ದ ಇಡೂಣಂತ..."

ಗುರುಬಸವ್ವ ಬಿಕ್ಕಿ ಬಿಕ್ಕಿ ಅತ್ತಳು. ಕಂಪೌಂಡಿನ ಆಚೆ ಚನ್ನವ್ವ ಸದ್ದಿಲ್ಲದೆ ಒಳಗೆ ಹೋದಳು. ಅವಳ ಜನ್ಮದಲ್ಲೇ ಹಾಗೆ ಹೋದದ್ದು ಅದೊಂದೇ ಸಲ. ಎಷ್ಟೋ ಹೊತ್ತಿನ ಮೇಲೆ ಗುರುಬಸವ್ವ ಮೂಗು ಒರೆಸಿಕೊಂಡು, ಮಣ್ಣಾದ ಬಲಗೈಯನ್ನು ಮಾತ್ರ ಎಲ್ಲಿಗೂ ತಾಗಿಸದೆ, ಕೇಳಿದಳು. ಕೇಳದೆ ಬಿಡುವವಳಲ್ಲವಲ್ಲ.

"ಮತ್ತ ಬೋರಮಾಳ?"

ಮುದಕವ್ವ ಅವಳನ್ನು ನೋಡಿದಳು. "ನಿಮ್ಮ ಮಾವ ಹತ್ತಿ ಮಾರಾಕ ಹುಬ್ಬಳ್ಳಿಗೆ ಹೋಗಿದ್ರು. ಮನ್ಯಾಗ ಚಿಲ್ಲರ ರೊಕ್ಕ ಇರಲಿಲ್ಲ. ನಿನಗ ಸನ್ನಿ ಏರಿತ್ತು. ಧಾರವಾಡದಿಂದ ಡಾಕ್ಟರು ಮೋಟಾರು ಮಾಡಿಕೊಂಡ ಮೂರ ಸಲ ಬಂದ್ರು. ಔಷಧ ಮುಂಬೈಲಿಂದ ತರಸಬೇಕಾತು." ಅಷ್ಟು ಹೇಳಿ ಸೊಸೆಯ ಗಲ್ಲದ ಮೇಲಿನ ಮಣ್ಣು ಒರೆಸಿದಳು. "ನೀ ಉಳದೀಯಲ್ಲ. ಸಾಕ ಬಿಡ."

ಗುರುಬಸವ್ವನಿಗೆ, ಶಿವಾನಿಯ ಮದುವೆಯಲ್ಲಿ ಇದೇ ಮುದುಕಿಯ ಬಗ್ಗೆ ತಾನು ಚಪ್ಪರದ ಕೆಳಗೆ ಯಾರ್ಯಾರ ಮುಂದೆ ಏನೇನು ಆಡಿದ್ದೆನೆಂದು ಒಂದೊಂದಾಗಿ ನೆನಪಾಯಿತು. ಒಂದು ಮಾತೂ ಮರೆತಿರಲಿಲ್ಲ.

ಹೊರಗೆ ಕಾರಿನ ಹಾರ್ನು ಕೇಳಿಸಿತು. ಸೋಮಪ್ಪ ಊಟಕ್ಕೆ ಬಂದಿದ್ದ. ಗೇಟು ಸರಿಸಿ ಒಳಗೆ ನೋಡಿದ. ತಗ್ಗು, ಗಡಿಗೆ, ವಿಭೂತಿ, ಮಣ್ಣಲ್ಲಿ ಕೂತ ಹೆಂಡತಿ. ಕೂಸು ಹೋದ ದಿನ ಡಾಕ್ಟರನ್ನು ಕರೆತರಲು ಧಾರವಾಡಕ್ಕೆ ಹೋಗಿದ್ದ ಅವನೂ, ಕೂಸು ದೊಡವಾಡದ ಹೊಲದಲ್ಲಿದೆ ಎಂದೇ ನಂಬಿದ್ದವನು. ಗುರುಬಸವ್ವ ಅಂಗೈ ಬಿಚ್ಚಿ ನವಿಲು ತೋರಿಸಿದಳು. ಅವನಿಗೂ ಅದರ ಗುರುತು ಸಿಕ್ಕಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ, ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಬಂದು, ಅವಳ ಮಗ್ಗುಲಲ್ಲಿ ಕೂತ.

"ದೊಡವಾಡದ ಬಸ್ಸ ಮೂರಕ್ಕೈತ್ರಿ," ಅಂದ ಮಡಿವಾಳೆಪ್ಪ, ಯಾರ ಮುಖವನ್ನೂ ನೋಡದೆ. "ಹೊಲದಾಗ ತಗ್ಗ ತೋಡಿಸಿ ಇಟ್ಟೇನಿ."

"ಯಾವ ಬಸ್ಸೂ ಬ್ಯಾಡ," ಅಂದಳು ಗುರುಬಸವ್ವ. "ಇಲ್ಲೇ ಇರಲಿ. ನೀ ಆ ಕಲ್ಲ ತಿರುಗಿ ಹಾಕ."

"ಮತ್ತ ಕಾರು?" ಎಂದು ಬಾಯಿತಪ್ಪಿ ಅಂದುಬಿಟ್ಟಳು ಗಂಗಾ.

"ಹೊರಗ ನಿಲ್ಲಲಿ," ಅಂದ ಸೋಮಪ್ಪ.

ಗುರುಬಸವ್ವ ಚೀಲದಿಂದ ಉಗರಗೋಳದ ಕೂಸಿನ ಹಸಿರು ಕುಂಚಿಗೆ ತೆಗೆದಳು. ಗುಂಡಗಡಿಗೆಯನ್ನು ಅದರಲ್ಲಿ ಸುತ್ತಿ ಗಡಿಗೆಯೊಳಗೆ ಇಟ್ಟಳು. ತನ್ನ ಬೆರಳಿಗೆ ಹತ್ತಿದ್ದ ಮಣ್ಣನ್ನೂ ಒಂದು ಕಣ ಬಿಡದೆ ಅದರೊಳಗೇ ಉದುರಿಸಿದಳು. ಬಿಲ್ವಪತ್ರಿ ಹಾಕಿದಳು. ಮಡಿವಾಳೆಪ್ಪ ಗಡಿಗೆ ಇಳಿಸಿಕೊಳ್ಳಲು ಕೈ ಚಾಚಿದಾಗ ಅವಳು ಕೊಡಲಿಲ್ಲ. ತಾನೇ ತಗ್ಗಿನಲ್ಲಿ ಬಗ್ಗಿ ಇಟ್ಟಳು.

ಅವನು ಮಣ್ಣು ಎಳೆಯುತ್ತಿದ್ದಾಗ ಅವಳು ಗಂಗಾಳನ್ನು ಕೇಳಿದಳು. "ನೀ ಎತ್ತಿಕೊಂಡಿದ್ದೇನ ಆಕೀನ?"

"ಮೂರ ದಿನಾನೂ ನನ್ನ ತೊಡಿ ಮ್ಯಾಲೇ ಇದ್ದಳ್ರಿ ವೈನಿ. ನನಗ ಆಗ ಹದಿನಾಲ್ಕ."

"ಯಾರ್ಗತೆ ಇದ್ದಳು?"

ಗಂಗಾ ಮಾತಾಡುವ ಮೊದಲೇ ಮುದಕವ್ವ ಅಂದಳು, "ನಿನ್ನಗತೆನ. ಯಾರ ಎತ್ತಿಕೊಂಡ್ರೂ ಹುಬ್ಬ ಗಂಟ ಹಾಕಿ ಹಿಂಗ ನೋಡತಿದ್ಲು. ಸಕ್ಕರಿ ನೀರ ಬಾಯಿಗೆ ಬಿಟ್ರೂ, ಏನ ಬಿಟ್ಟಿ, ತೋರಸ ಅಂದಾಂಗ. ಒಬ್ಬರನ್ನೂ ನಂಬಲಿಲ್ಲ."

ಗುರುಬಸವ್ವನಿಗೆ ನಗು ಬಂತು, ನಗುವಿನ ಜೊತೆಯಲ್ಲೇ ಅಳುವೂ ಬಂತು. ಮಡಿವಾಳೆಪ್ಪ ಫರಸಿಯನ್ನು ಮೊದಲಿದ್ದ ಮಟ್ಟಕ್ಕೇ ಕೂಡಿಸಿ, ಸಲಿಕೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿ, ಎದ್ದು ನಿಂತ. ಅವನಿಗೆ ಅವಳು ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವಳ ನಾಲಿಗೆಗೆ ಬರುವಂಥದಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದಳು, ಹಾಲಿಗೆ ಒಂದು ಹನಿ ನೀರೂ ಬೆರೆಸದೆ.

ಮರುದಿನ ಕಾಂಕ್ರೀಟ್ ಬಿತ್ತು. ಗೇಟಿನಿಂದ ಕಟ್ಟೆಯ ತನಕ ಎಲ್ಲ ಹೊಸದು, ಕನ್ನಡಿಯಂತೆ ಸಾಪು. ಬಲಗಡೆ ಒಂದು ಕಡೆ ಮಾತ್ರ ಚೌಕ ಬಿಟ್ಟು, ಹಳೆಯ ಕಲ್ಲು ಹಾಗೇ ಉಳಿಯಿತು. ಕಾರು ಇವತ್ತಿಗೂ ರಸ್ತೆಯ ಮೇಲೆಯೇ ನಿಲ್ಲುತ್ತದೆ. ಇಷ್ಟು ಖರ್ಚು ಮಾಡಿ ಇದೊಂದು ಯಾಕೆ ಬಿಟ್ಟಿರಿ ಎಂದು ಬಂದವರು ಕೇಳುತ್ತಾರೆ. "ನಿಮಗ್ಯಾಕ ಬೇಕದು?" ಎಂದು ಗುರುಬಸವ್ವ ಅವರನ್ನು ಅಡಿಯಿಂದ ಮುಡಿಯ ತನಕ ನೋಡುತ್ತಾಳೆ.

ಕಾಂಕ್ರೀಟಿಗೆ ನೀರು ಹೊಡೆಯುವುದು ಮುಗಿದ ಮರುದಿನ ಬೆಳಿಗ್ಗೆ ಮುದಕವ್ವ ಎಂದಿನಂತೆ ಎದ್ದು ತಂಬಿಗೆ ತುಂಬಿಕೊಂಡಳು. ಕಟ್ಟೆಯ ತನಕ ಬಂದು ನಿಂತಳು. ಅಂಗಳಕ್ಕೆ ಇಳಿಯಲಿಲ್ಲ.

"ಗುರುಬಸವ್ವಾ," ಎಂದು ಕರೆದಳು. "ಇಕಾ, ತಗೋ. ಇನ್ನ ಮುಂದ ನೀನ ತೊಳಿ."

ಗುರುಬಸವ್ವ ಬಂದು ತಂಬಿಗೆ ತಗೊಂಡಳು. ತಗೊಂಡವಳು ಅದರೊಳಗೊಮ್ಮೆ ಇಣುಕಿ, ನೀರಲ್ಲಿ ಕಸಗಿಸ ಇದೆಯೋ ಎಂದು ಬೆರಳಾಡಿಸಿ ನೋಡಿದಳು.

"ಅದರಾಗೂ ಸಂಶೇನ ನಿನಗ?" ಅಂದಳು ಮುದುಕಿ.

"ಆಕಿ ನೋಡತಾಳ್ರಿ ಅತ್ತಿ," ಅಂದಳು ಗುರುಬಸವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಹತ್ತಿರ ಹೋಗಿ ಕೂತಳು.